ಕ್ಯಾಮೆರಾ ಕೇಳುವ ಮಕ್ಕಳಿಗೆ

 

ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬರುವ ಮಕ್ಕಳಲ್ಲಿ ಕೆಲವರು ಫೋಟೊಗ್ರಫಿ ಕಲಿಯಬೇಕು ಎನ್ನುತ್ತಾರೆ. ಪಕ್ಕದಲ್ಲಿ ಕೂತ ತಾಯಿ, ‘ಅದೂ ಒಂದು ಓದಾ, ಮೇಷ್ಟ್ರೇ?’ ಎಂದು ಕೇಳುತ್ತಾರೆ. ಮೈಸೂರಿನ ಟಿ.ಎಸ್. ಸತ್ಯನ್ 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿದವರು, ಮುಂದೆ ಕ್ಯಾಮೆರಾದಿಂದಲೇ ಬದುಕಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರು ಹೆಚ್ಚಾಗಿ ತೆಗೆದದ್ದು ನಮ್ಮಂಥ ಸಾಮಾನ್ಯ ಜನರನ್ನೇ.

ಮಕ್ಕಳೇ, ಕ್ಯಾಮೆರಾಗೆಂದು ಸಾಲ ಬೇಡ, ಮನೆಯ ಮೊಬೈಲು ಸಾಕು. ನಮ್ಮ ಬಿಳೇಕಹಳ್ಳಿಯ ಒಂದೇ ಹೂವಿನ ಅಂಗಡಿಯನ್ನು ತಿಂಗಳಿಡೀ ತೆಗೆಯಿರಿ, ಅಂಗಡಿಯವರನ್ನು ಕೇಳಿಯೇ ತೆಗೆಯಿರಿ. ನಡುಮಧ್ಯಾಹ್ನ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುವುದು, ಸಂಜೆ ಅದೇ ಮುಖ ಮೃದುವಾಗುವುದು, ಯಾರೂ ಹೇಳಿಕೊಡದೆ ತಿಳಿಯುತ್ತದೆ. ಹಿಂದೆ 36 ಚಿತ್ರಕ್ಕೆ ರೀಲು ಮುಗಿಯುತ್ತಿತ್ತು, ಯೋಚಿಸಿ ಒತ್ತುತ್ತಿದ್ದರು. ನೀವೂ ದಿನಕ್ಕೆ ಹತ್ತೇ ತೆಗೆಯಿರಿ. ಭಾನುವಾರ ಒಂದನ್ನು ಆರಿಸಿ, ಏಕೆ ಆರಿಸಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೇಸರ ಬಂದ ವಾರ ಹಳೆಯ ಪುಟ ತಿರುವಿದರೆ ಎಲ್ಲಿಂದ ಎಲ್ಲಿಗೆ ಬಂದಿದ್ದೀರಿ ಕಾಣುತ್ತದೆ.

ತಾಯಂದಿರೇ, ಆರು ತಿಂಗಳು ಪುಟ ತುಂಬುತ್ತಲೇ ಹೋದರೆ ಆ ಆಸೆ ಹುಡುಗಾಟದ್ದಲ್ಲ. ನೋಟ್‌ಬುಕ್ಕನ್ನು ಅರ್ಜಿಯ ಜೊತೆ ತನ್ನಿ. ದಾನಿಗಳೇ, ನಿಮ್ಮ ಬೀರುವಿನಲ್ಲಿ ಸುಮ್ಮನೆ ಕೂತ ಕ್ಯಾಮೆರಾ ಇದ್ದರೆ ಅಂಥ ಮಗುವಿಗೆ ಕೊಡಿ.