ಇಡುಗಂಟಿನ ಮಾತು

ನಮ್ಮ ಕಡೆಯ ಜನ ‘ಠೇವು’ ಎನ್ನುತ್ತಾರೆ, ಪತ್ರಿಕೆಗಳು ‘ಠೇವಣಿ’ ಎಂದು ಬರೆಯುತ್ತವೆ. ಎರಡೂ, ಇಡುವುದು ಎಂಬರ್ಥದ ಮರಾಠಿ ಮಾತಿನಿಂದ ಬಂದವು. ಕನ್ನಡದ್ದೇ ಆದ ಶಬ್ದವೂ ಒಂದಿದೆ: ಇಡುಗಂಟು. ಈ ಶಬ್ದ ಕಿವಿಗೆ ಬಿದ್ದೊಡನೆ ಕಣ್ಣಿಗೆ ಕಟ್ಟುವುದು ಬಟ್ಟೆಯಲ್ಲಿ ಬಿಗಿದು, ನಂಬಿದವರ ಮನೆಯಲ್ಲಿ ಇರಿಸಿ ಬಂದ ಒಂದು ಗಂಟು. ಕೇಳಿದ ದಿನ ಅದೇ ಗಂಟು, ಅದೇ ಬಟ್ಟೆಯಲ್ಲಿ, ಕೈಗೆ ಬರಬೇಕು. 2016ರ ಆಗಸ್ಟಿನಲ್ಲಿ ನನ್ನ ಅಕ್ಕ ನಮ್ಮೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾಲ್ಕು ಲಕ್ಷ ರೂಪಾಯಿಗಳನ್ನು ಮೂರು ವರ್ಷಗಳ ಮುದ್ದತ್ತಿಗೆ ಇಟ್ಟಾಗ ಆಕೆಯ ಮನಸ್ಸಿನಲ್ಲಿದ್ದದ್ದು ಈ ಚಿತ್ರವೇ.

ಇಟ್ಟವಳು ಅಕ್ಕ, ಇಡಿಸಿದವನು ನಾನು. ಗದಗ ಜಿಲ್ಲೆಯ ಸಣ್ಣ ಊರು ನಮ್ಮದು. ಭಾವನವರು ತೀರಿಕೊಂಡ ಮೇಲೆ ಬಂದ ಗ್ರಾಚ್ಯುಯಿಟಿಯ ಹಣ ಅದು. ಸಂಘ ಬ್ಯಾಂಕಿಗಿಂತ ನೂರಕ್ಕೆ ಮೂರು ರೂಪಾಯಿ ಹೆಚ್ಚು ಬಡ್ಡಿ ಕೊಡುತ್ತಿತ್ತು. ಆದರೆ ನನ್ನನ್ನು ಒಪ್ಪಿಸಿದ್ದು ಬಡ್ಡಿಯಲ್ಲ. ಸಂಘದ ಅಧ್ಯಕ್ಷರು ನನಗೆ ಮೂವತ್ತು ವರ್ಷಗಳ ಪರಿಚಿತರು. ಊರಿನ ಸಾಹಿತ್ಯ ಕೂಟದಲ್ಲಿ ಇಬ್ಬರೂ ಒಂದೇ ಜಮಖಾನೆಯ ಮೇಲೆ ಕುಳಿತವರು. ಕಾವ್ಯವನ್ನು ಅಷ್ಟು ಚೆನ್ನಾಗಿ ಓದುವವರು ಲೆಕ್ಕವನ್ನೂ ಚೆನ್ನಾಗಿಯೇ ಬರೆಸುತ್ತಾರೆಂದು ನಾನು ಹೇಗೆ ಭಾವಿಸಿದೆನೋ, ಇಂದಿಗೂ ತಿಳಿಯದು.

2019ರ ಆಗಸ್ಟಿನಲ್ಲಿ ಮುದ್ದತ್ತು ಮುಗಿಯಿತು. ಅಕ್ಕ ರಸೀದಿ ಹಿಡಿದು ಹೋದಳು. ವ್ಯವಸ್ಥಾಪಕರು ಕುರ್ಚಿ ಕೊಟ್ಟರು, ಚಹಾ ತರಿಸಿದರು, “ಇನ್ನೊಂದು ವರ್ಷ ನವೀಕರಣ ಮಾಡಿಸ್ರಿ ಅಕ್ಕಾರ, ಬಡ್ಡಿ ಅರ್ಧ ಟಕ್ಕೆ ಏರಿಸ್ತೀವಿ” ಎಂದರು. ಮಾಡಿಸಿದಳು. ಇಲ್ಲಿ ಒಂದು ಮಾತನ್ನು ನಡುವೆಯೇ ಹೇಳಿಬಿಡುತ್ತೇನೆ. ಕೊಡಲು ಹಣವಿಲ್ಲದ ಸಂಸ್ಥೆಗೆ ನವೀಕರಣದಂಥ ಸಂಜೀವಿನಿ ಮತ್ತೊಂದಿಲ್ಲ. ಬಾಕಿಯಾಗಿದ್ದ ಹಣ ಒಂದು ಸಹಿಯಿಂದ ಬಾಕಿಯಲ್ಲದ ಹಣವಾಗುತ್ತದೆ. ತಪ್ಪಿದ ಮಾತು ತಪ್ಪದ ಮಾತಾಗುತ್ತದೆ. 2020ರ ಆಗಸ್ಟಿನಲ್ಲಿ ಅಕ್ಕ ಮತ್ತೆ ಹೋದಾಗ ಚಹಾ ಬರಲಿಲ್ಲ. ರೋಗದ ಕಾಲ, ಸಾಲಗಾರರು ಕಟ್ಟುತ್ತಿಲ್ಲ, ದೀಪಾವಳಿ ಕಳೆಯಲಿ ಎಂದರು. ದೀಪಾವಳಿ ಕಳೆಯಿತು, ಯುಗಾದಿಯೂ ಕಳೆಯಿತು. ನಾನು ಅಧ್ಯಕ್ಷರ ಮನೆಗೆ ಎರಡು ಸಲ ಹೋದೆ. ಎರಡೂ ಸಲ ಸಾಹಿತ್ಯದ ಮಾತಾಡಿ ಎದ್ದು ಬಂದೆ. ಹಣದ ಮಾತು ಗಂಟಲಲ್ಲೇ ಉಳಿಯಿತು. ನಮ್ಮಂಥವರ ಈ ದಾಕ್ಷಿಣ್ಯಕ್ಕೆ ಬಡ್ಡಿ ಕಟ್ಟುವವರು ಬೇರೆಯವರು.

ಕೊನೆಗೆ ಅಕ್ಕನೇ ಕೇಳಿದಳು: “ತಮ್ಮಾ, ಗಂಟು ನಂದು. ಅದನ್ನ ಬೇಡಾಕ ಹ್ವಾದಾಗ ನಾನ್ಯಾಕ ತಲಿ ತಗ್ಗಿಸಿ ನಿಂದರಬೇಕು?”

ಈ ಪ್ರಶ್ನೆ ನನ್ನನ್ನು ಪುಸ್ತಕಗಳ ಕಡೆಗೆ ಅಟ್ಟಿತು. ಓದುವವನಿಗೆ ಅದೊಂದೇ ದಾರಿ ಗೊತ್ತು. ಮನುಸ್ಮೃತಿ ಎಣಿಸುವ ಹದಿನೆಂಟು ವ್ಯವಹಾರ ಪದಗಳಲ್ಲಿ ಮೊದಲನೆಯದು ಋಣಾದಾನ, ಎರಡನೆಯದು ನಿಕ್ಷೇಪ. ಸಾಲ ಬೇರೆ, ಇಟ್ಟ ವಸ್ತು ಬೇರೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉಪನಿಧಿ ಎಂದೇ ಒಂದು ಪ್ರಕರಣವಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ, ನಮ್ಮ ನಾಡಿನಲ್ಲೇ ಕುಳಿತು, ಮಿತಾಕ್ಷರದಲ್ಲಿ ಅದಕ್ಕೆ ವ್ಯಾಖ್ಯೆ ಬರೆದ. ಅಲ್ಲಿಯ ನಿಯಮದ ತಾತ್ಪರ್ಯ ಇಷ್ಟು: ಇಟ್ಟದ್ದನ್ನು ರಾಜನೋ ದೈವವೋ ಕಳ್ಳರೋ ಕಸಿದರೆ ಇಟ್ಟುಕೊಂಡವನು ಹೊಣೆಯಲ್ಲ, ಆದರೆ ಒಡೆಯ ಬಂದು ಕೇಳಿದ ಮೇಲೂ ಕೊಡದೆ ಉಳಿಸಿಕೊಂಡು, ಆಮೇಲೆ ಅದು ನಾಶವಾದರೆ, ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕು, ಅಷ್ಟೇ ಮೊತ್ತವನ್ನು ದಂಡವಾಗಿಯೂ ತೆರಬೇಕು. ಕೇಳಿದ ಕ್ಷಣಕ್ಕೆ ಅಷ್ಟು ಬೆಲೆ. ರಾತ್ರಿ ಇದನ್ನು ಓದಿ ಅಕ್ಕನಿಗೆ ಹೇಳಿದೆ. “ಆ ಪುಸ್ತಕ ಅವರ ಆಫೀಸಿನಾಗ ಇಲ್ಲೇನು?” ಎಂದು ಕೇಳಿದಳು.

ಇಲ್ಲ. ಅವರ ಆಫೀಸಿನಲ್ಲಿರುವುದು ಬೇರೆ ಪುಸ್ತಕ. 1848ರಲ್ಲಿ ಇಂಗ್ಲೆಂಡಿನ ಪ್ರಭುಗಳ ಸಭೆ ಒಂದು ತೀರ್ಪು ಕೊಟ್ಟಿತು: ಬ್ಯಾಂಕಿನಲ್ಲಿ ಕಟ್ಟಿದ ಹಣ ಕಟ್ಟಿದ ಗಳಿಗೆಯಿಂದ ಬ್ಯಾಂಕಿನದೇ, ಕಟ್ಟಿದವನು ಸಾಲ ಕೊಟ್ಟವನು ಮಾತ್ರ. ನಮ್ಮ ಬ್ಯಾಂಕಿಂಗ್ ವ್ಯವಹಾರವೂ ಆ ನೆಲೆಗಟ್ಟಿನ ಮೇಲೆಯೇ ನಿಂತಿದೆ. ಹಾಗಿಲ್ಲದಿದ್ದರೆ ಬಡ್ಡಿಯೂ ಹುಟ್ಟದು, ನಿಜ. ಆದರೆ ಅಕ್ಕ ನಿಕ್ಷೇಪವೆಂದು ಇಟ್ಟದ್ದನ್ನು ಅವರು ಋಣವೆಂದು ಪಡೆದರು. ಒಂದೇ ರಸೀದಿ, ಮೇಜಿನ ಈ ಬದಿಗೆ ಒಂದು ಅರ್ಥ, ಆ ಬದಿಗೆ ಇನ್ನೊಂದು. ಠೇವಣಿ ಎಂಬ ಹಳೆಯ ನಂಬಿಕೆಯ ಶಬ್ದ ಈ ಎರಡರ ನಡುವಿನ ಕಂದಕವನ್ನು ಮುಚ್ಚಿ ಕುಳಿತಿದೆ.

ಸಾಲಗಾರನ ಮೇಲೆ ಸಿವಿಲ್ ದಾವೆ ಹೂಡುವುದು ಅರವತ್ತೆಂಟು ವರ್ಷದ ವಿಧವೆಗೆ ಹೇಳುವಂಥ ದಾರಿಯಲ್ಲ. ಆದರೆ 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಮೂರನೆಯದೊಂದು ಅರ್ಥಕ್ಕೆ ಬಾಗಿಲು ತೆರೆದಿತ್ತು. ಠೇವಣಿ ಪಡೆಯುವುದು ಒಂದು ಸೇವೆ, ಮುದ್ದತ್ತು ಮುಗಿದ ಮೇಲೆ ಕೊಡದಿರುವುದು ಆ ಸೇವೆಯ ನ್ಯೂನತೆ, ಇಟ್ಟವರು ಗ್ರಾಹಕರು. ಸಾರ್ವಜನಿಕರಿಂದ ಠೇವಣಿ ಎತ್ತಿದ ಕಂಪನಿಗಳ ವಿಷಯದಲ್ಲಿ ರಾಷ್ಟ್ರೀಯ ಆಯೋಗ 1990ರ ದಶಕದಲ್ಲೇ ಹೀಗೆ ಹೇಳಿತು. ಆ ಕಾಯಿದೆಯ ಸ್ಥಾನದಲ್ಲಿ ಈಗಿರುವ 2019ರ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಇದರಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಮೊಬಲಗು ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಒಂದೇ ಎಚ್ಚರ ಬೇಕು: ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಕೊಡಬೇಕು. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಮನ್ನಿಸುವುದುಂಟು, ಆದರೆ ದಾಕ್ಷಿಣ್ಯವನ್ನು ತಕ್ಕ ಕಾರಣವೆಂದು ಯಾರಾದರೂ ಒಪ್ಪುವರೆಂದು ನನಗನ್ನಿಸುವುದಿಲ್ಲ.

ದೂರನ್ನು ನಾನೇ ಕನ್ನಡದಲ್ಲಿ ಬರೆದೆ. ಮೊದಲ ಕರಡಿನಲ್ಲಿ ವಿಶ್ವಾಸದ್ರೋಹವಿತ್ತು, ಅಬಲೆಯ ಕಣ್ಣೀರಿತ್ತು, ಕಲಿಗಾಲವೂ ಇತ್ತು. ಓದಿಸಿಕೊಂಡ ಹಿರಿಯ ವಕೀಲರೊಬ್ಬರು ಪೆನ್ಸಿಲ್ ಹಿಡಿದು ಒಂದೊಂದನ್ನೇ ಹೊಡೆಯುತ್ತ ಬಂದು, “ತಾರೀಖು ಎಲ್ಲದಾವ್ರಿ?” ಎಂದರು. ಇಟ್ಟ ತಾರೀಖು, ಮುಗಿದ ತಾರೀಖು, ಕೇಳಿದ ತಾರೀಖು, ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳಿಸಿದ ತಾರೀಖು, ಅದು ಮುಟ್ಟಿದ ತಾರೀಖು. ಇವಿಷ್ಟು ಉಳಿದರೆ ದೂರು ಉಳಿಯುತ್ತದೆ. ನಲವತ್ತು ವರ್ಷ ಬರೆದೂ ಗದ್ಯದ ಈ ಪಾಠ ನನಗೆ ಸಿಕ್ಕಿರಲಿಲ್ಲ. ಮೂಲ ರಸೀದಿಯನ್ನು ಕೈಬಿಡಬೇಡಿರೆಂದೂ ಅವರು ಹೇಳಿದರು. ಸಂಘದವರು ಒಮ್ಮೆ ‘ಪರಿಶೀಲನೆಗೆ ಬೇಕು’ ಎಂದು ಅದನ್ನು ಕೇಳಿದ್ದರು, ಅಕ್ಕ ಕೊಟ್ಟಿರಲಿಲ್ಲ. ಆಕೆಯ ಜಾಣತನ ನನ್ನ ಓದಿಗಿಂತ ದೊಡ್ಡದು.

ಕಷ್ಟವಾದದ್ದು ಒಂದೇ ಸಾಲು. ಎದುರುದಾರರು ಎಂಬಲ್ಲಿ ಸಂಘದ ಹೆಸರಿನ ಕೆಳಗೆ ಅಧ್ಯಕ್ಷರ ಹೆಸರನ್ನು ಬರೆಯಬೇಕಿತ್ತು. ನಾನು ಪೆನ್ನು ಕೆಳಗಿಟ್ಟೆ. ಅಕ್ಕ ಮಾತನಾಡಲಿಲ್ಲ, ಒಳಗೆ ಹೋಗಿ ನೀರು ತಂದುಕೊಟ್ಟಳು. ಬರೆದೆ.

2021ರ ಸೆಪ್ಟೆಂಬರಿನಲ್ಲಿ ದೂರು ದಾಖಲಾಯಿತು. ಉತ್ತರ ಕೊಡಲು ಎದುರುದಾರರಿಗೆ ಕಾಯಿದೆ ಕೊಡುವುದು ಮೂವತ್ತು ದಿನ, ಬೇಡಿದರೆ ಇನ್ನು ಹದಿನೈದು. ಅದಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಸಂಘದ ಉತ್ತರ ಕೊನೆಯ ದಿನ ಬಂತು. ಅದರಲ್ಲಿ ಎರಡು ವಾದಗಳಿದ್ದವು. ಒಂದು, ಈಕೆ ಸಂಘದ ಸದಸ್ಯೆ, ಗ್ರಾಹಕಳಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೆಯ ಕಲಮಿನಂತೆ ತಂಟೆ ತಕರಾರು ನಿಬಂಧಕರ ಮುಂದೆ ಹೋಗಬೇಕು. ಇನ್ನೊಂದು, ಸಾಲಗಾರರು ಮರುಪಾವತಿ ಮಾಡಿಲ್ಲ.

ಮೊದಲನೆಯ ವಾದಕ್ಕೆ ಉತ್ತರ ತಮಿಳುನಾಡಿನ ಭತ್ತದ ಚೀಲಗಳಿಂದ ಸಿಕ್ಕಿತು. ಅಲ್ಲಿಯ ಕೃಷಿ ಪತ್ತಿನ ಸಂಘವೊಂದರಲ್ಲಿ ಸದಸ್ಯರು ಭತ್ತದ ಚೀಲಗಳನ್ನು ಅಡವಿಟ್ಟು ಸಾಲ ಪಡೆದಿದ್ದರು. ಚೀಲಗಳು ಹಿಂದಕ್ಕೆ ಬರಲಿಲ್ಲ. ಸಂಘ ಇದೇ ವಾದ ಹೂಡಿತು. 2003ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಗ್ರಾಹಕ ಕಾಯಿದೆ ಬೇರೆ ಕಾಯಿದೆಗಳ ಪರಿಹಾರಕ್ಕೆ ಪೂರಕವಾದದ್ದು, ಸಹಕಾರ ಕಾಯಿದೆ ಅದರ ಬಾಗಿಲು ಮುಚ್ಚಲಾರದು ಎಂದಿತು. ಯಾರದೋ ಭತ್ತ ನನ್ನ ಅಕ್ಕನಿಗೆ ಅನ್ನವಾಯಿತು. ಎರಡನೆಯ ವಾದವನ್ನು ಆಯೋಗ ಒಂದೇ ವಾಕ್ಯದಲ್ಲಿ ಮುಗಿಸಿತು: ಸಾಲ ಕೊಟ್ಟವರು ನೀವು, ಈಕೆಯಲ್ಲ.

ಆ ದಿನಗಳಲ್ಲಿ ನಾನು ಒಮ್ಮೆ ಕಣಗಿನಹಾಳಕ್ಕೆ ಹೋಗಿದ್ದೆ. ಗದಗಿಗೆ ಸಮೀಪದ ಹಳ್ಳಿ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಹಳ್ಳಿಯಲ್ಲಿ ಸಂಘ ಕಟ್ಟಿದರು. ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸುವುದು ಅದರ ಗುರಿ. ನಮ್ಮ ನೆಲದಲ್ಲಿ ಸಹಕಾರವೆಂಬ ಶಬ್ದಕ್ಕೆ ಇರುವ ತೂಕ ಅಲ್ಲಿಂದ ಬಂದದ್ದು. ನಮ್ಮೂರಿನ ಸಂಘದ ಗೋಡೆಯ ಮೇಲೂ ಪಾಟೀಲರ ಪಟವಿದೆ, ಹೂವಿನ ಹಾರದೊಡನೆ. ಅಕ್ಕ ಹಣ ಕಟ್ಟಿದ ದಿನ ಆ ಪಟಕ್ಕೆ ಕೈಮುಗಿದು ಬಂದಿದ್ದಳು.

ಪಟಕ್ಕೆ ಕೈಮುಗಿಯುವ ಬದಲು ನಾವು ಫಲಕ ಓದಬೇಕಿತ್ತು. ಸಹಕಾರಿ ಬ್ಯಾಂಕು ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ಬ್ಯಾಂಕಿನ ಠೇವಣಿಗೆ ವಿಮೆಯುಂಟು; 1962ರಲ್ಲಿ ಒಂದೂವರೆ ಸಾವಿರ ರೂಪಾಯಿಗೆ ಆರಂಭವಾದದ್ದು 1993ರಲ್ಲಿ ಒಂದು ಲಕ್ಷಕ್ಕೂ 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೂ ಏರಿತು. ಪತ್ತಿನ ಸಂಘಕ್ಕಾಗಲಿ ಸೌಹಾರ್ದ ಸಂಘಕ್ಕಾಗಲಿ ಕಂಪನಿಯ ಠೇವಣಿಗಾಗಲಿ ಆ ವಿಮೆ ಇಲ್ಲ. ಕೌಂಟರು ಅದೇ, ಪಾಸುಪುಸ್ತಕ ಅದೇ. ಒಂದು ಶಬ್ದದ ವ್ಯತ್ಯಾಸ. ಶಬ್ದಗಳಲ್ಲೇ ಬದುಕಿದ ನನ್ನ ಕಣ್ಣಿಗೆ ಅದು ಬೀಳಲಿಲ್ಲ.

2022ರ ನವೆಂಬರಿನಲ್ಲಿ ಆದೇಶವಾಯಿತು: ಅಸಲು, ಬಡ್ಡಿ, ಮಾನಸಿಕ ಕ್ಲೇಶಕ್ಕೆ ಒಂದಿಷ್ಟು, ಖರ್ಚಿಗೆ ಒಂದಿಷ್ಟು. ಮೇಲ್ಮನವಿ ಸಲ್ಲಿಸಬೇಕಾದರೆ ಆದೇಶದ ಅರ್ಧ ಹಣವನ್ನು ಮೊದಲು ಕಟ್ಟಬೇಕು. ಅದಕ್ಕೇ ಇರಬೇಕು, ಸಂಘ ಹೋಗಲಿಲ್ಲ. ಹಾಗೆಂದು ಹಣವನ್ನೂ ಕೊಡಲಿಲ್ಲ. ಆದೇಶ ಹಣವಲ್ಲ, ಹಣಕ್ಕೆ ಬರೆದ ಚೀಟಿ. ಅದನ್ನು ನಗದಾಗಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೆ ಇಪ್ಪತ್ತೈದು ಸಾವಿರಕ್ಕೆ ಕಡಮೆಯಿಲ್ಲದ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಆ ಕಲಮನ್ನು ಉಲ್ಲೇಖಿಸಿದ ಅರ್ಜಿ 2023ರಲ್ಲಿ ಹೋದ ಮೇಲೆ ಮೊದಲ ಐವತ್ತು ಸಾವಿರ ಬಂತು. ಅಲ್ಲಿಂದ ಮುಂದೆ ಕಂತುಗಳು, ಕಂತಿಗೊಂದು ವಾಯಿದೆ. ಠೇವಣಿಯ ಅವಧಿಗೂ ವಾಯಿದೆಯೆನ್ನುತ್ತೇವೆ, ವಿಚಾರಣೆ ಮುಂದೆ ಹೋದರೂ ವಾಯಿದೆಯೆನ್ನುತ್ತೇವೆ. ಭಾಷೆಗೆ ಮೊದಲೇ ತಿಳಿದಿತ್ತೆಂದು ತೋರುತ್ತದೆ.

ಅಸಲು ಪೂರ್ತಿ ಬಂದಿದೆ. ಬಡ್ಡಿಯಲ್ಲಿ ಅರ್ಧ ಉಳಿದಿದೆ. ಅಧ್ಯಕ್ಷರು ಈಗ ಅಧ್ಯಕ್ಷರಲ್ಲ. ಸಾಹಿತ್ಯ ಕೂಟಕ್ಕೆ ಬರುವುದನ್ನೂ ಬಿಟ್ಟಿದ್ದಾರೆ. ಹಿಂದಿನ ವಾಯಿದೆಯ ದಿನ ಆಯೋಗದ ಮೆಟ್ಟಿಲ ಮೇಲೆ ಎದುರಾದರು. ಅಕ್ಕ ಅವರ ಆರೋಗ್ಯ ವಿಚಾರಿಸಿದಳು. ಅವರು ಆಕೆಯ ಮೊಣಕಾಲಿನ ನೋವನ್ನು ಕೇಳಿದರು. ಆಮೇಲೆ ಆಕೆ ಚೀಲದಿಂದ ರಸೀದಿ ತೆಗೆದು, ಅದು ಇದೆಯೆಂದು ಒಮ್ಮೆ ನೋಡಿಕೊಂಡು, ಮತ್ತೆ ಒಳಗಿಟ್ಟಳು. ನಮ್ಮ ಹೆಸರು ಕೂಗಿದರು. ಮೂವರೂ ಒಳಗೆ ಹೋದೆವು.