ವೇಗ ನಿಯಂತ್ರಕದ ತಂತಿಜೋಡಣೆ ಮತ್ತು ಫ್ಯೂಸಿನ ಆಯ್ಕೆ

ಪುಣೆಯಿಂದ ಲೋಣಾವಳದತ್ತ ಹೊರಟ ಲೋಕಲ್ ರೈಲು ಪಿಂಪ್ರಿ, ಚಿಂಚವಾಡ, ಆಕುರ್ಡಿ ನಿಲ್ದಾಣಗಳನ್ನು ದಾಟಿ ದೇಹೂ ರೋಡಿಗೆ ಬರುತ್ತದೆ. ಸಂತ ತುಕಾರಾಮರ ದೇಹೂ ಗ್ರಾಮಕ್ಕೆ ಹೋಗುವವರು ಇಳಿಯುವ ನಿಲ್ದಾಣವಾದ್ದರಿಂದ ಈ ದಂಡುಪ್ರದೇಶಕ್ಕೆ ಆ ಹೆಸರು ಬಂದಿತು. ಇದರ ಸುತ್ತ ಪಿಂಪ್ರಿ-ಚಿಂಚವಾಡ, ಚಾಕಣ, ತಳೇಗಾಂವ್ ಕೈಗಾರಿಕಾ ಪ್ರದೇಶಗಳು ಹಬ್ಬಿವೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ದುಡಿಮೆಗಾಗಿ ಬಂದ ಅನೇಕ ಕನ್ನಡಿಗರು ಈ ಭಾಗದ ಕಾರ್ಖಾನೆಗಳಲ್ಲಿಯೂ ಸಣ್ಣ ವರ್ಕ್‌ಷಾಪುಗಳಲ್ಲಿಯೂ ಇದ್ದಾರೆ.

ಕನ್ನಡ ನಾಡಿಗೂ ಮೋಟಾರಿಗೂ ಇರುವ ನಂಟು ಹಳೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸಲಾರಂಭಿಸಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೆ ಅಡಿಪಾಯ ಹಾಕಿದರು. ಆ ಮನೆತನದ ವಿದ್ಯುತ್ ಯಂತ್ರಗಳ ಸಂಸ್ಥೆ 1946ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅಂದಿನ ಮೋಟಾರಿಗೂ ಇಂದಿನ ಮೋಟಾರಿಗೂ ಮೂಲತತ್ತ್ವ ಒಂದೇ. ಬದಲಾಗಿರುವುದು ಅದರ ಮುಂದೆ ಕುಳಿತಿರುವ ವೇಗ ನಿಯಂತ್ರಕ, ಅಂದರೆ ಕೆಲಸಗಾರರು 'ಡ್ರೈವ್' ಎಂದು ಕರೆಯುವ ಪೆಟ್ಟಿಗೆ.

ನಿಯಂತ್ರಕ ಮಾಡುವ ಕೆಲಸ

ಮೂರು ಫೇಸಿನ ಸಾಮಾನ್ಯ ಮೋಟಾರಿನ ವೇಗವು ವಿದ್ಯುತ್ತಿನ ಆವರ್ತನವನ್ನು ಅವಲಂಬಿಸಿದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ 50 ಹರ್ಟ್ಸ್‌ಗೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಮೋಟಾರಿನ ದಂಡವು ಅದಕ್ಕಿಂತ ಸ್ವಲ್ಪ ಹಿಂದೆ, ಸುಮಾರು 1440 ಸುತ್ತಿನಲ್ಲಿ ಓಡುತ್ತದೆ. ಆವರ್ತನವನ್ನು 25 ಹರ್ಟ್ಸ್‌ಗೆ ಇಳಿಸಿದರೆ ವೇಗ ಅರ್ಧವಾಗುತ್ತದೆ.

ನಿಯಂತ್ರಕವು ಒಳಬರುವ 415 ವೋಲ್ಟ್ ವಿದ್ಯುತ್ತನ್ನು ಮೊದಲು ಏಕಮುಖ ವಿದ್ಯುತ್ತಾಗಿ ಪರಿವರ್ತಿಸಿ ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿನ ಒತ್ತಡ ಸುಮಾರು 580 ವೋಲ್ಟ್. ಬಳಿಕ ಟ್ರಾನ್ಸಿಸ್ಟರುಗಳು ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ತುಂಡರಿಸಿ, ಬೇಕಾದ ಆವರ್ತನದ ಮೂರು ಫೇಸುಗಳನ್ನು ಮೋಟಾರಿಗೆ ಕೊಡುತ್ತವೆ. ದೇಹೂ ರೋಡಿನ ಮೂಲಕ ಹಾದುಹೋಗುವ ಡೆಕ್ಕನ್ ಕ್ವೀನ್ ರೈಲು 1930ರಲ್ಲಿ ಆರಂಭವಾದಾಗ ವಿದ್ಯುತ್ ಎಂಜಿನ್ನುಗಳ ವೇಗವನ್ನು ಪ್ರತಿರೋಧಕಗಳ ಮೂಲಕ, ಶಕ್ತಿಯನ್ನು ಶಾಖವಾಗಿ ಕಳೆದು, ನಿಯಂತ್ರಿಸಲಾಗುತ್ತಿತ್ತು. ಇಂದಿನ ಮೂರು ಫೇಸಿನ ರೈಲು ಎಂಜಿನ್ನುಗಳು ನಡೆಯುವುದು ವರ್ಕ್‌ಷಾಪಿನ ಡ್ರೈವಿನ ತತ್ತ್ವದಿಂದಲೇ.

ಇದರ ಲಾಭ ಪಂಪು ಮತ್ತು ಫ್ಯಾನುಗಳಲ್ಲಿ ಎದ್ದು ಕಾಣುತ್ತದೆ. ವೇಗವನ್ನು ಶೇಕಡಾ 80ಕ್ಕೆ ಇಳಿಸಿದರೆ ಗಾಳಿಯ ಪ್ರಮಾಣ ಶೇಕಡಾ 80 ಆಗುತ್ತದೆ. ಆದರೆ ಬೇಕಾಗುವ ಶಕ್ತಿ ಸುಮಾರು ಶೇಕಡಾ 51ಕ್ಕೆ ಇಳಿಯುತ್ತದೆ. ನೇರವಾಗಿ ಆರಂಭಿಸಿದ ಮೋಟಾರು ತನ್ನ ಸಾಮಾನ್ಯ ಪ್ರವಾಹದ ಆರೇಳು ಪಟ್ಟು ಸೆಳೆಯುತ್ತದೆ. ನಿಯಂತ್ರಕವಿದ್ದಾಗ ಈ ಹೊಡೆತವೂ ತಪ್ಪುತ್ತದೆ.

ತಂತಿಜೋಡಣೆಯ ನಿಯಮಗಳು

ನಿಯಂತ್ರಕಕ್ಕೆ ಎರಡು ಬದಿಗಳಿವೆ. ವಿದ್ಯುತ್ ಬರುವ ಬದಿಗೆ ಆರ್, ಎಸ್, ಟಿ ಎಂದೂ ಮೋಟಾರಿಗೆ ಹೋಗುವ ಬದಿಗೆ ಯು, ವಿ, ಡಬ್ಲ್ಯೂ ಎಂದೂ ಸಾಮಾನ್ಯವಾಗಿ ಗುರುತಿರುತ್ತದೆ. ಒಳಬರುವ ವಿದ್ಯುತ್ತನ್ನು ಮೋಟಾರಿನ ಬದಿಗೆ ಜೋಡಿಸಿ ಸ್ವಿಚ್ಚು ಒತ್ತಿದರೆ ಟ್ರಾನ್ಸಿಸ್ಟರುಗಳು ಆ ಕ್ಷಣದಲ್ಲೇ ನಾಶವಾಗುತ್ತವೆ. ಆದ್ದರಿಂದ ವಿದ್ಯುತ್ ಕೊಡುವ ಮುನ್ನ ಇನ್ನೊಬ್ಬರ ಕಣ್ಣಿನಿಂದಲೂ ಜೋಡಣೆಯನ್ನು ಪರೀಕ್ಷಿಸುವುದು ಒಳ್ಳೆಯದು.

ಮೋಟಾರಿನ ಬದಿಯಲ್ಲಿ ಪವರ್ ಫ್ಯಾಕ್ಟರ್ ಸುಧಾರಿಸುವ ಕೆಪಾಸಿಟರುಗಳನ್ನು ಎಂದಿಗೂ ಹಾಕಬಾರದು. ಹಳೆಯ ಮೋಟಾರಿಗೆ ಹೊಸ ಡ್ರೈವ್ ಅಳವಡಿಸುವಾಗ ಅಲ್ಲಿ ಮೊದಲೇ ಇದ್ದ ಕೆಪಾಸಿಟರನ್ನು ತೆಗೆಯಲು ಮರೆಯುವುದುಂಟು. ಪದೇ ಪದೇ ಮುಖ್ಯ ಸ್ವಿಚ್ಚಿನಿಂದ ಯಂತ್ರವನ್ನು ನಿಲ್ಲಿಸಿ ಆರಂಭಿಸುವ ಅಭ್ಯಾಸವೂ ಹಾನಿಕರ; ನಿತ್ಯದ ಆರಂಭ ಮತ್ತು ನಿಲುಗಡೆ ನಿಯಂತ್ರಣ ತಂತಿಗಳ ಮೂಲಕ ಆಗಬೇಕು.

ಮೋಟಾರಿನ ಕೇಬಲು ಲೋಹದ ಹೊದಿಕೆಯುಳ್ಳದ್ದಾಗಿದ್ದು, ಆ ಹೊದಿಕೆಯನ್ನು ಎರಡೂ ತುದಿಗಳಲ್ಲಿ ಭೂಸಂಪರ್ಕಕ್ಕೆ ಬಿಗಿಯಬೇಕು. ನಿಯಂತ್ರಣದ ಸಣ್ಣ ತಂತಿಗಳನ್ನು ಅದರ ಜೊತೆಗೆ ಒಂದೇ ಕೊಳವೆಯಲ್ಲಿ ಎಳೆಯಬಾರದು. ದಾಟಿಸಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಬೇಕು. ಹೀಗೆ ಮಾಡದಿದ್ದಲ್ಲಿ ಯಂತ್ರ ತನ್ನಷ್ಟಕ್ಕೆ ನಿಲ್ಲುವುದು, ವೇಗ ಏರುಪೇರಾಗುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಇಂತಹ ಸಂದರ್ಭದಲ್ಲಿ ಡ್ರೈವ್ ಕೆಟ್ಟಿದೆ ಎಂದು ದೂರುವವರೇ ಹೆಚ್ಚು.

ಭೂಸಂಪರ್ಕವು ಕೆಲಸಗಾರನ ಪ್ರಾಣದ ಪ್ರಶ್ನೆ. ಮೋಟಾರಿನ ಹೊರಕವಚಕ್ಕೆ ಎರಡು ಪ್ರತ್ಯೇಕ ಭೂಸಂಪರ್ಕಗಳಿರಬೇಕೆಂಬ ನಿಯಮ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಇತ್ತು. ಆ ನಿಯಮಗಳ ಸ್ಥಾನದಲ್ಲಿ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಬಂದಾಗಲೂ ಇದು ಉಳಿಯಿತು. ನಿಯಂತ್ರಕವಿರುವಲ್ಲಿ ಸಹಜ ಸ್ಥಿತಿಯಲ್ಲಿಯೂ ಸ್ವಲ್ಪ ಪ್ರವಾಹ ಭೂಮಿಗೆ ಸೋರುತ್ತಿರುತ್ತದೆ. ಭೂತಂತಿ ಸಡಿಲವಾದರೆ ಅದು ಪೆಟ್ಟಿಗೆಯನ್ನು ಮುಟ್ಟಿದವನ ಮೈ ಮೂಲಕ ಹರಿಯಬಹುದು.

ಫ್ಯೂಸಿನ ಆಯ್ಕೆ

ಫ್ಯೂಸಿನ ಕುರಿತು ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಫ್ಯೂಸು ಇದ್ದರೆ ಡ್ರೈವ್ ಕೆಡುವುದಿಲ್ಲ ಎಂಬುದೇ ಆ ಭಾವನೆ. ಟ್ರಾನ್ಸಿಸ್ಟರು ಒಳಗೇ ಸುಟ್ಟು ಕೂಡಿಕೊಂಡಾಗ ಕೆಪಾಸಿಟರಿನಲ್ಲಿ ತುಂಬಿದ ಶಕ್ತಿಯೇ ಮೊದಲು ನುಗ್ಗುತ್ತದೆ. ಹೊರಗಿನ ಫ್ಯೂಸು ಅದನ್ನು ತಡೆಯಲಾರದು. ಮೋಟಾರಿನ ಮೇಲೆ ಅತಿಭಾರ ಬೀಳದಂತೆ ನೋಡಿಕೊಳ್ಳುವುದು, ಮೋಟಾರಿನ ಪ್ರವಾಹದ ಅಂಕವನ್ನು ಸರಿಯಾಗಿ ತುಂಬಿಸಿದ್ದರೆ, ಡ್ರೈವಿನ ಸ್ವಂತ ರಕ್ಷಣಾ ವ್ಯವಸ್ಥೆಯ ಕೆಲಸ. ಫ್ಯೂಸಿನ ಕೆಲಸ ಇನ್ನೊಂದು: ಕೆಟ್ಟ ಡ್ರೈವಿನೊಳಕ್ಕೆ ಹೊರಗಿನ ವಿದ್ಯುತ್ತು ಸಾವಿರಾರು ಆಂಪಿಯರುಗಳಾಗಿ ನುಗ್ಗಿ ಪೆಟ್ಟಿಗೆ ಸಿಡಿಯದಂತೆ, ಕೇಬಲು ಹೊತ್ತಿಕೊಳ್ಳದಂತೆ ತಡೆಯುವುದು.

ಇದಕ್ಕೆ ಎಚ್.ಆರ್.ಸಿ. ಫ್ಯೂಸು ಅಗತ್ಯ. ಪಿಂಗಾಣಿಯ ಕೊಳವೆಯಲ್ಲಿ ಸ್ಫಟಿಕದ ಮರಳನ್ನು ಒತ್ತಿ ತುಂಬಿ, ನಡುವೆ ತೆಳುವಾದ ಲೋಹದ ಪಟ್ಟಿಯನ್ನು ಇಟ್ಟಿರುತ್ತಾರೆ. ಪಟ್ಟಿ ಕರಗಿದಾಗ ಏಳುವ ವಿದ್ಯುತ್ ಕಿಡಿಯ ಶಾಖವನ್ನು ಮರಳು ಹೀರಿಕೊಂಡು, ತಾನೇ ಕರಗಿ ಗಾಜಿನಂತಾಗಿ, ಪ್ರವಾಹದ ದಾರಿಯನ್ನು ಮುಚ್ಚುತ್ತದೆ. ಹಳೆಯ ಪಿಂಗಾಣಿ ಕಟ್‌ಔಟಿನಲ್ಲಿ ಈ ಸಾಮರ್ಥ್ಯವಿಲ್ಲ. ಅದರಲ್ಲಿ ದಪ್ಪ ತಾಮ್ರದ ತಂತಿಯನ್ನು ಸುತ್ತಿಟ್ಟರೆ ಅದು ಫ್ಯೂಸೇ ಅಲ್ಲ. ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಂತಿ ಆ ಶಾಖಕ್ಕೆ ಏರುವ ಮೊದಲೇ ಕೇಬಲಿನ ಪ್ಲಾಸ್ಟಿಕ್ ಹೊದಿಕೆ ಉರಿದುಹೋಗಬಹುದು.

ಫ್ಯೂಸಿನ ಮೈಮೇಲಿನ ಅಕ್ಷರಗಳನ್ನೂ ಓದಬೇಕು. 'ಜಿಜಿ' ಎಂದಿದ್ದರೆ ಅದು ಅತಿಭಾರ ಮತ್ತು ಶಾರ್ಟ್ ಸರ್ಕ್ಯೂಟ್ ಎರಡಕ್ಕೂ ಕರಗುವ ಸಾಮಾನ್ಯ ಫ್ಯೂಸು. 'ಎಆರ್' ಎಂದಿದ್ದರೆ ಅದು ಅರೆವಾಹಕಗಳಿಗಾಗಿ ತಯಾರಾದ ಶೀಘ್ರ ಫ್ಯೂಸು; ಶಾರ್ಟ್ ಸರ್ಕ್ಯೂಟಿಗೆ ಮಾತ್ರ ಅದು ಭರವಸೆ, ಅತಿಭಾರಕ್ಕೆ ಬೇರೆ ರಕ್ಷಣೆ ಬೇಕು. ಯಾವುದು ಬೇಕೆಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ, ಅಂದಾಜು ಸಲ್ಲದು. 7.5 ಕಿಲೋವಾಟ್, ಅಂದರೆ 10 ಅಶ್ವಶಕ್ತಿಯ ಮೋಟಾರಿನ ಪ್ರವಾಹ ಸುಮಾರು 15 ಆಂಪಿಯರ್. ಆದರೆ ಫ್ಯೂಸಿನ ಲೆಕ್ಕಕ್ಕೆ ಹಿಡಿಯಬೇಕಾದುದು ಡ್ರೈವಿನ ಒಳಬರುವ ಪ್ರವಾಹವನ್ನೇ; ಚೋಕ್ ಇಲ್ಲದ ಡ್ರೈವಿನಲ್ಲಿ ಅದು ಇನ್ನೂ ಹೆಚ್ಚಿರಬಹುದು. ಜೊತೆಗೆ ಕೇಬಲಿನ ಧಾರಣಶಕ್ತಿಯನ್ನು ಮೀರಿದ ಫ್ಯೂಸನ್ನು ಹಾಕಬಾರದು.

ಫ್ಯೂಸು ಹೋದಾಗ

ಫ್ಯೂಸು ಹೋಯಿತೆಂದರೆ ಅದು ಒಂದು ಎಚ್ಚರಿಕೆ. ಮೊದಲು ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವನೇ ಇಟ್ಟುಕೊಳ್ಳಬೇಕು. ದೀಪ ಆರಿದ ಮಾತ್ರಕ್ಕೆ ಡ್ರೈವ್ ನಿರ್ಜೀವವಾಗಿಲ್ಲ. ಕೆಪಾಸಿಟರುಗಳಲ್ಲಿ ಪ್ರಾಣಾಪಾಯದ ಒತ್ತಡ ಉಳಿದಿರುತ್ತದೆ. ಪೆಟ್ಟಿಗೆಯ ಮೇಲೆ ಬರೆದಷ್ಟು ನಿಮಿಷ ಕಾಯಬೇಕು. ಸಣ್ಣ ಡ್ರೈವುಗಳಿಗೂ ಐದು ನಿಮಿಷ ಎಂದು ಸಾಮಾನ್ಯವಾಗಿ ಸೂಚಿಸಿರುತ್ತಾರೆ. ಬಳಿಕ ಮೀಟರಿನಿಂದ ಅಳೆದು ನೋಡಿಯೇ ಕೈ ಹಾಕಬೇಕು. ಕೇಬಲಿನ ನಿರೋಧಕತೆಯನ್ನು ಮೆಗ್ಗರಿನಿಂದ ಪರೀಕ್ಷಿಸುವಾಗ ಡ್ರೈವನ್ನು ಬಿಚ್ಚಿಡಬೇಕು. ಕಾರಣ ಪತ್ತೆಯಾದ ಮೇಲೆ ಮೂರು ಫ್ಯೂಸುಗಳನ್ನೂ ಒಟ್ಟಿಗೆ ಬದಲಿಸುವುದು ಯುಕ್ತ. ಉಳಿದೆರಡೂ ಅದೇ ಹೊಡೆತವನ್ನು ತಿಂದಿರುತ್ತವೆ.

ಸಹ್ಯಾದ್ರಿಯ ಮಗ್ಗುಲಿನ ದೇಹೂ ರೋಡಿನಲ್ಲಿ ಮಳೆಗಾಲದ ತೇವವೂ ಒಂದು ಶತ್ರು. ಹಲವು ದಿನ ನಿಂತಿದ್ದ ಡ್ರೈವಿನೊಳಗೆ ನೀರಹನಿ ಕಟ್ಟಿರಬಹುದು. ಒಣಗಿಸಿ, ಧೂಳು ತೆಗೆದು, ಅನಂತರವೇ ವಿದ್ಯುತ್ ಕೊಡಬೇಕು.

ಸಣ್ಣ ವರ್ಕ್‌ಷಾಪಿನಲ್ಲಿ ಒಂದು ಡ್ರೈವ್ ಎಂದರೆ ಸಾಲ ಮಾಡಿ ತಂದ ಬಂಡವಾಳ. ಅದರ ಮುಂದೆ ನಿಂತವನು ದೂರದ ಊರಿನಲ್ಲಿರುವ ಒಂದು ಸಂಸಾರದ ಆಧಾರ. ಸಂಜೆಯೊಳಗೆ ಸರಕು ಕಳುಹಿಸಬೇಕೆಂಬ ಅವಸರದಲ್ಲಿ, ಸರಿಯಾದ ಫ್ಯೂಸು ಕೈಗೆ ಸಿಗದೆ ತಂತಿಯ ತುಂಡನ್ನು ಸಿಕ್ಕಿಸುವ ಮನಸ್ಸಾಗುವುದು ಸಹಜ. ಅಂತಹ ಗಳಿಗೆಗಾಗಿಯೇ ಪ್ರತಿ ಅಳತೆಯ ಮೂರು ಫ್ಯೂಸುಗಳನ್ನು ಮೊದಲೇ ತಂದು ಪ್ಯಾನೆಲಿನ ಬಳಿ ಇಟ್ಟಿರಬೇಕು. ಡ್ರೈವಿನ ಬೆಲೆಯ ಮುಂದೆ ಅವುಗಳ ಬೆಲೆ ಅತ್ಯಲ್ಪ. ಕೆಲಸಗಾರನ ಕೈಗಳಿಗಂತೂ ಬೆಲೆ ಕಟ್ಟಲಾಗದು.