ವರದಿಯಲ್ಲಿ ಹನ್ನೊಂದು ಅಲರ್ಜಿ, ಖರೇ ಇದ್ದದ್ದು ಒಂದೇ

ನೌಬಾದದ ನಮ್ಮ ಮನಿ ಮ್ಯಾಲಿನ ಖೋಲಿಯಿಂದ ಮಾತಾಡ್ಲತ್ತೀನಿ. ನಡುವೆ ಲಾರಿ ಸಪ್ಪಳ ಬಂದ್ರ ಸಹಿಸ್ಕೊಳ್ರಿ. ಕಿಟಕಿ ಮುಚ್ಚಿದ್ರ ಸೆಖೆ, ತೆರೆದ್ರ ರಸ್ತೆ.

ಇವತ್ತಿನ ವಿಷಯ ಮಕ್ಕಳ ಅಲರ್ಜಿ. ಅದರಾಗೂ ಊಟದ ಅಲರ್ಜಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವ. ನನಗೆ ಬರೋದು ಲೆಕ್ಕ ಓದೋದು. ಇವತ್ತು ಮಾಡೋದೂ ಅಷ್ಟೇ: ನಮ್ಮ ಮನೆಗೆ ಬಂದ ಒಂದು ರಕ್ತದ ರಿಪೋರ್ಟು, ನಮ್ಮ ಕರ್ನಾಟಕದಲ್ಲೇ ನಡೆದ ಒಂದು ಅಧ್ಯಯನ, ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ಓದೋದು. ಅಕ್ಕನ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಾ ಇದ್ದೀನಿ.

ಅಕ್ಕನ ಮನೆ ಭಾಲ್ಕಿಯಲ್ಲಿ. ಅವಳ ಮಗಳಿಗೆ ಆಗ ಮೂರೂವರೆ ವರ್ಷ. ಕೂಸಿನ ಮೈಮೇಲೆ ಆಗಾಗ ಪಿತ್ತದ ಗಂಧೆ ಏಳೋವು. ಬೆಳಿಗ್ಗೆ ಎದ್ದದ್ದು ಸಂಜಿಗೆ ಮಾಯ, ನಾಲ್ಕು ದಿನ ಬಿಟ್ಟು ಮತ್ತೆ. ಯಾರೋ ಹೇಳಿದರು, "ಅಲರ್ಜಿ ಟೆಸ್ಟ್ ಮಾಡಸ್ರಿ, ಎಲ್ಲಾ ಗೊತ್ತಾಗ್ತದ" ಅಂತ. ಭಾವ ಕೂಸನ್ನ ಕರ್ಕೊಂಡು ಹೋಗಿ ಒಂದು ಲ್ಯಾಬಿನಲ್ಲಿ ರಕ್ತ ಕೊಡಿಸಿ ಬಂದರು. ಯಾವ ಲ್ಯಾಬು ಅನ್ನೋದು ಬೇಡ. ನಾಲ್ಕು ದಿನಕ್ಕೆ ಮೊಬೈಲಿಗೆ ಪಿಡಿಎಫ್ ಬಂತು. ಎರಡು ಪುಟ, ಉದ್ದನೆಯ ಪಟ್ಟಿ, ಅದರಲ್ಲಿ ಹನ್ನೊಂದು ಪದಾರ್ಥಗಳ ಮುಂದೆ ಕೆಂಪಕ್ಷರದಲ್ಲಿ 'ಪಾಸಿಟಿವ್'. ಹಾಲು, ತತ್ತಿ, ಶೇಂಗಾ, ತೊಗರಿ, ಕಡಲೆ, ಗೋಧಿ, ಬದನೆಕಾಯಿ, ಬಾಳೆಹಣ್ಣು, ಹೀಗೇ ನಡೀತು.

ನೀವೇ ವಿಚಾರ ಮಾಡ್ರಿ. ಬೀದರ್ ಜಿಲ್ಲೆಯ ಒಂದು ಮನೆಯ ಅಡುಗೆಯಿಂದ ಶೇಂಗಾ, ತೊಗರಿ, ಕಡಲೆ ತೆಗೆದರೆ ಉಳಿಯೋದೇನು? ಜೋಳದ ರೊಟ್ಟಿ ಉಳೀತದ. ಅದಕ್ಕ ಹಚ್ಕೊಳ್ಳೋದು ಏನೂ ಉಳಿಯೋದಿಲ್ಲ. ಅಕ್ಕ ಅದನ್ನೂ ಮಾಡಿದಳು. ಕೂಸಿಗೆ ಬೇರೆ ಸಾರು, ಬೇರೆ ಡಬ್ಬಿ. ಪಂಚಮಿಗೆ ಮನಿತುಂಬ ಶೇಂಗಾ ಉಂಡಿ, ಕೂಸು ಮಾತ್ರ ಒಳಗಿನ ಖೋಲ್ಯಾಗ. ಆರು ತಿಂಗಳಾದ ಮೇಲೆ ತೂಕ ನೋಡಿದರೆ ಏರಿಲ್ಲ, ಮುಕ್ಕಾಲು ಕೆಜಿ ಇಳಿದಿದೆ. ಗಂಧೆ ಮಾತ್ರ ಮೊದಲಿನ ಹಾಗೇ ಏಳ್ತಿದ್ದವು.

ಭಾವನ ಅವ್ವ, ನಾವೆಲ್ಲ ಆಯಿ ಅಂತೀವಿ, ಅವರಿಗೆ ಇದು ನೋಡಲಾಗಲಿಲ್ಲ. ಸೊಸೆಗೆ ಗೊತ್ತಾಗದಂಗ ಒಂದು ದಿನ ಅರ್ಧ ಲೋಟ ಹಾಲು ಕುಡಿಸಿದರು. ಏನೂ ಆಗಲಿಲ್ಲ. ಮರುದಿನ ಬ್ಯಾಳಿ ಅನ್ನ. ಏನೂ ಆಗಲಿಲ್ಲ. ಬಾಳೆಹಣ್ಣು, ಚಪಾತಿ, ಯಾವುದಕ್ಕೂ ಏನೂ ಇಲ್ಲ. ಆಯಿ ತಮ್ಮ ಲೆಕ್ಕ ತಾವು ಮಾಡಿದರು: ಈ ಕಾಗದ ಪೂರಾ ಸುಳ್ಳು. ಒಂದು ಸಂಜೆ ಅರ್ಧ ಆಮ್ಲೆಟ್ ತಿನ್ನಿಸಿದರು.

ಇಪ್ಪತ್ತು ನಿಮಿಷ ಆಗಿರಲಿಲ್ಲ. ತುಟಿ ಊದಿತು, ಮೈತುಂಬ ಗಂಧೆ, ಎರಡು ಸಲ ವಾಂತಿ, ಧ್ವನಿ ಗೊಗ್ಗರಾಯಿತು. ಭಾವ ಬೈಕಿನ ಮೇಲೆ ದವಾಖಾನೆಗೆ ಒಯ್ದರು. ಅಲ್ಲಿದ್ದ ಡ್ಯೂಟಿ ಡಾಕ್ಟರ್ ನೋಡಿದ ತಕ್ಷಣ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಬೆಳಗಿನ ತನಕ ಇಟ್ಟುಕೊಂಡು ಕಳಿಸಿದರು. ಕೂಸು ಉಳಿಯಿತು.

ಆಯಿಗೆ ಎಲ್ಲರೂ ಬೈದರು. ನಾನೂ ಬೈದೆ. ಆಮೇಲೆ ಕುಂತು ವಿಚಾರ ಮಾಡಿದಾಗ ಅನಿಸಿತು, ಆಯಿ ಮಾಡಿದ್ದು ತಪ್ಪೇ, ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟದ್ದು ಆ ಹನ್ನೊಂದರ ಪಟ್ಟಿ. ಹತ್ತು ಸುಳ್ಳಿನ ನಡುವೆ ಒಂದು ಖರೇ ಸೇರಿಸಿ ಕೊಟ್ಟರೆ, ಹತ್ತು ಸುಳ್ಳು ಅಂತ ಗೊತ್ತಾದ ಮನುಷ್ಯ ಹನ್ನೊಂದನೆಯದನ್ನು ಹ್ಯಾಂಗ ನಂಬಬೇಕು?

ಮುಂದಿನ ವಾರ ಹೈದರಾಬಾದಿಗೆ ಹೋದರು, ಮಕ್ಕಳ ಅಲರ್ಜಿ ನೋಡುವ ಡಾಕ್ಟರ್ ಹತ್ತಿರ. ಅವರು ರಿಪೋರ್ಟನ್ನು ಮಡಚಿ ಪಕ್ಕಕ್ಕಿಟ್ಟು ಮೊದಲು ಕೇಳಿದ ಪ್ರಶ್ನೆ ಇದು: "ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು?" ಆಗ ಅಕ್ಕನಿಗೆ ನೆನಪಾಯಿತು. ಒಂದೂವರೆ ವರ್ಷದವಳಿದ್ದಾಗ ಕುದಿಸಿದ ತತ್ತಿ ತಿಂದು ಅರ್ಧ ತಾಸಿನಲ್ಲಿ ಮೈ ಕೆಂಪಾಗಿ ವಾಂತಿ ಮಾಡಿಕೊಂಡಿದ್ದಳು. ತತ್ತಿ ಕೆಟ್ಟಿತ್ತು ಅಂದುಕೊಂಡಿದ್ದರು, ದೃಷ್ಟಿ ತೆಗೆದು ಮರೆತಿದ್ದರು. ರಕ್ತ ತೆಗೆಯುವಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಈಗ ಅಧ್ಯಯನಕ್ಕೆ ಬರ್ತೀನಿ.

ಯುರೋಪಿನಲ್ಲಿ ಯುರೋಪ್ರಿವಾಲ್ ಅಂತ ಊಟದ ಅಲರ್ಜಿಯ ಒಂದು ದೊಡ್ಡ ಸಂಶೋಧನೆ ನಡೆದಿತ್ತು. ಅದರ ಒಂದು ಭಾಗವಾಗಿ ಚೀನಾ, ರಷ್ಯಾ, ಭಾರತದಲ್ಲೂ ಅದೇ ಪದ್ಧತಿಯಲ್ಲಿ ಸಮೀಕ್ಷೆ ಮಾಡಿದರು. ಭಾರತದ ಪಾಲು ನಡೆದದ್ದು ನಮ್ಮ ಕರ್ನಾಟಕದಲ್ಲಿ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಅದರ ಮುಖ್ಯ ಸಂಶೋಧಕರಲ್ಲಿ ಒಬ್ಬರು. ದೊಡ್ಡವರ ಮೇಲಿನ ವರದಿ 2016ರಲ್ಲಿ ಪ್ರಕಟವಾಯಿತು. 20ರಿಂದ 54 ವಯಸ್ಸಿನ 11,791 ಜನರಿಗೆ ಮೊದಲು ಪ್ರಶ್ನೆ ಕೇಳಿದರು. ಆಮೇಲೆ ಅವರಲ್ಲಿ 588 ಮಂದಿಯನ್ನು ಎರಡನೇ ಹಂತಕ್ಕೆ ಕರೆದರು.

ಇಲ್ಲಿ ನನಗೆ ಮೆಚ್ಚುಗೆಯಾದದ್ದು ಏನಂದ್ರ, ಆ 588ರಲ್ಲಿ ಊಟದಿಂದ ತೊಂದರೆ ಆಗ್ತದ ಅಂದವರು 236 ಮಂದಿ ಮಾತ್ರ. ಉಳಿದ 352 ಮಂದಿ ಅಂಥಾ ತೊಂದರೆ ಹೇಳದವರು. ಅವರ ರಕ್ತವನ್ನೂ ನೋಡಿದರು. ಆಡಿಟ್ ಮಾಡೋರು ಹಿಂಗೇ ಮಾಡ್ತಾರ. ತಂಟೆ ಇರೋ ಖಾತೆ ಮಾತ್ರ ನೋಡಿದರೆ ಅಂಗಡಿಯ ಖರೇ ಸ್ಥಿತಿ ಗೊತ್ತಾಗೋದಿಲ್ಲ, ಸುಮ್ಮನಿರೋ ಖಾತೆಯನ್ನೂ ತೆಗೆದು ನೋಡಬೇಕು.

ಫಲಿತಾಂಶ ಏನು ಬಂತು? ಸಾಮಾನ್ಯ ಜನರಲ್ಲಿ ಶೇ. 26.5 ಮಂದಿಯ ರಕ್ತದಲ್ಲಿ ಒಂದಿಲ್ಲೊಂದು ಆಹಾರಕ್ಕೆ 'ಪಾಸಿಟಿವ್'. ಅದೇ ಆಹಾರ ತಿಂದರೆ ತೊಂದರೆಯೂ ಆಗಿ, ಪರೀಕ್ಷೆಯಲ್ಲೂ ಅದು ಕಂಡವರು ಎಷ್ಟು? ಶೇ. 1.2. ಅಂದ್ರ ನೂರು ಮಂದಿಯನ್ನು ಸಾಲಾಗಿ ನಿಲ್ಲಿಸಿ ರಕ್ತ ತೆಗೆದರೆ ಇಪ್ಪತ್ತಾರು ಮಂದಿಗೆ ಕೆಂಪಕ್ಷರ ಬರ್ತದ, ಅಲರ್ಜಿ ಇದ್ದಿರಬಹುದಾದವರು ಒಬ್ಬರೇ. ಉಳಿದ ಇಪ್ಪತ್ತೈದು ಮಂದಿ ಅದನ್ನೇ ದಿನಾ ತಿಂದು ಆರಾಮ ಇದ್ದಾರ.

ಮಕ್ಕಳ ವರದಿ 2020ರಲ್ಲಿ ಬಂತು. ಮೂರೂ ದೇಶ ಸೇರಿ 6ರಿಂದ 11 ವಯಸ್ಸಿನ 35 ಸಾವಿರಕ್ಕೂ ಹೆಚ್ಚು ಮಕ್ಕಳು. ಊಟದ ಅಲರ್ಜಿ ಇರುವ ಸಂಭವ ಹಾಂಗ್‌ಕಾಂಗಿನಲ್ಲಿ ಶೇ. 1.5, ರಷ್ಯಾದ ತೋಮ್ಸ್ಕ್‌ನಲ್ಲಿ ಶೇ. 0.87, ನಮ್ಮಲ್ಲಿ ಶೇ. 0.14. ಸಾವಿರ ಮಕ್ಕಳಲ್ಲಿ ಒಂದೋ ಎರಡೋ.

ಈ ಲೆಕ್ಕಕ್ಕೆ ಮಿತಿ ಅದ, ಅದನ್ನೂ ಹೇಳಬೇಕು. 'ಸಂಭವ' ಅನ್ನೋ ಪದ ಸುಮ್ಮನೆ ಇಲ್ಲ. ಪಕ್ಕಾ ಗೊತ್ತಾಗಬೇಕಾದರೆ ಡಾಕ್ಟರ್ ಎದುರಿಗೆ ಆ ಪದಾರ್ಥವನ್ನು ಸ್ವಲ್ಪಸ್ವಲ್ಪ ತಿನ್ನಿಸಿ ನೋಡಬೇಕು, ಅದಕ್ಕೆ ಓರಲ್ ಫುಡ್ ಚಾಲೆಂಜ್ ಅಂತಾರ. ಮತ್ತೆ, ಇದು ಬೀದರಿನ ಸಮೀಕ್ಷೆ ಅಲ್ಲ. ಮೇಲಾಗಿ, ತೊಂದರೆ ಆಗಿ ದವಾಖಾನೆಗೆ ಬಂದ ಕೂಸು ಈ ಸಾವಿರದ ಸಾಮಾನ್ಯ ಕೂಸು ಅಲ್ಲ. ತಿಂದ ತಕ್ಷಣ ತುಟಿ ಊದಿದ ಕೂಸಿನ ಪಾಸಿಟಿವ್‌ಗೆ ಬೆಲೆ ಬಹಳ. ಏನೂ ಆಗದ ಕೂಸಿನ ಪಾಸಿಟಿವ್‌ಗೆ ಆ ಬೆಲೆ ಇಲ್ಲ. ಕಾಗದ ಎರಡಕ್ಕೂ ಒಂದೇ ಕೆಂಪು ಬಣ್ಣ ಹಚ್ಚುತ್ತದೆ.

ಹಿಂಗ್ಯಾಕೆ ಆಗ್ತದ? ಪರೀಕ್ಷೆ ಹುಡುಕೋದು ಐಜಿಇ ಅನ್ನೋ ಪ್ರತಿಕಾಯವನ್ನ. ಅದು ಇದ್ದರೆ ದೇಹ ಆ ಪದಾರ್ಥವನ್ನು ಗುರುತು ಹಿಡಿದಿದೆ ಅಂತ ಅರ್ಥ. ಗುರುತು ಹಿಡಿದವರೆಲ್ಲ ಜಗಳಕ್ಕೆ ನಿಲ್ಲೋದಿಲ್ಲ. ಕೆಲವು ಸಲ ಅದು ಬೇರೆಯವರ ಗುರುತೂ ಆಗಿರ್ತದ. ಗಿಡದ ಪರಾಗಕ್ಕೆ ಹುಟ್ಟಿದ ಪ್ರತಿಕಾಯ ಹಣ್ಣಿಗೋ ಕಾಳಿಗೋ ಅಂಟಿಕೊಂಡು ಪಾಸಿಟಿವ್ ತೋರಿಸಬಹುದು. ನಮ್ಮ ಕಡೆ ಧೂಳು, ಪರಾಗಕ್ಕೇನು ಕಡಿಮೆ? ಕಾಂಗ್ರೆಸ್ ಕಸ ಹೂ ಬಿಟ್ಟಾಗ ಸೀನದವರು ಯಾರು? ಬೆಂಗಳೂರಿನಲ್ಲಿ ಆ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಆದವರು ಶೇ. 7ರಷ್ಟು ಅಂತ 1991ರಲ್ಲೇ ಒಂದು ಅಧ್ಯಯನ ಹೇಳಿತ್ತು.

ಇನ್ನೊಂದು ಪರೀಕ್ಷೆ ಅದ, ಐಜಿಜಿ. ಅಕ್ಷರ ಒಂದೇ ವ್ಯತ್ಯಾಸ. ಇನ್ನೂರು ಪದಾರ್ಥದ ಪ್ಯಾಕೇಜು, ಆಫರ್ ರೇಟು ಅಂತ ಫೋನಿಗೆ ಬರೋದು ಬಹಳ ಸಲ ಇದೇ. ಐಜಿಜಿ ತೋರಿಸೋದು ನೀವು ಅದನ್ನು ತಿಂದಿದ್ದೀರಿ ಅಂತ ಮಾತ್ರ. ದಿನಾ ತೊಗರಿ ತಿನ್ನೋ ಮನುಷ್ಯನ ರಕ್ತದಲ್ಲಿ ತೊಗರಿ ಗುರುತು ಇರದೆ ಮತ್ತೇನು ಇರಬೇಕು? ಊಟದ ಅಲರ್ಜಿಗೆ ಈ ಪರೀಕ್ಷೆ ಮಾಡಿಸಬೇಡಿ ಅಂತ ಯುರೋಪು, ಅಮೆರಿಕದ ಅಲರ್ಜಿ ತಜ್ಞರ ಸಂಘಗಳು ಸ್ಪಷ್ಟವಾಗಿ ಹೇಳಿವೆ. ರೊಕ್ಕ ಉಳಿಸ್ಕೊಳ್ರಿ.

ಈಗ ಶೇಂಗಾ. ಹೆದರಿಕೊಂಡು ಬಿಡಿಸೋದರಿಂದ ಏನಾಗ್ತದ ಅನ್ನೋದಕ್ಕೆ ದೊಡ್ಡ ಪುರಾವೆ ಇರೋದು ಈ ಕಾಳಿನ ಮೇಲೆ. 2000ನೇ ಇಸವಿಯಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ, ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡ ಅಂದಿತ್ತು. ಅದಕ್ಕೆ ಗಟ್ಟಿ ಆಧಾರ ಇಲ್ಲ ಅಂತ 2008ರಲ್ಲಿ ಆ ಸಲಹೆಯನ್ನ ಕೈಬಿಟ್ಟಿತು. ಅದೇ ವರ್ಷ ಲಂಡನ್ನಿನ ಸಂಶೋಧಕರು ಒಂದು ಹೋಲಿಕೆ ಪ್ರಕಟಿಸಿದರು: ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಶೇ. 1.85, ಇಸ್ರೇಲಿನಲ್ಲಿ ಶೇ. 0.17. ಒಂದೇ ಸಮುದಾಯ, ಹತ್ತು ಪಟ್ಟು ಅಂತರ. ಇಸ್ರೇಲಿನಲ್ಲಿ ಹಲ್ಲು ಬರೋ ಮೊದಲೇ ಕೂಸುಗಳಿಗೆ ಬಂಬಾ ಅನ್ನೋ ಶೇಂಗಾ ತಿಂಡಿ ಕೊಡ್ತಾರ.

ಬರೀ ಹೋಲಿಕೆ ಸಾಲದು ಅಂತ ಅವರು ಪ್ರಯೋಗ ಮಾಡಿದರು. ಜೋರು ಎಕ್ಸಿಮಾ ಅಥವಾ ತತ್ತಿ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದು ಗುಂಪಿಗೆ ಶೇಂಗಾ ಕೊಡೋದು, ಇನ್ನೊಂದಕ್ಕೆ ಐದು ವರ್ಷ ತುಂಬೋವರೆಗೆ ಬಿಡಿಸೋದು. 2015ರಲ್ಲಿ ಫಲಿತಾಂಶ ಬಂತು. ಆರಂಭದಲ್ಲಿ ಚರ್ಮದ ಪರೀಕ್ಷೆ ನೆಗೆಟಿವ್ ಇದ್ದ ಮಕ್ಕಳಲ್ಲಿ, ಬಿಡಿಸಿದವರಿಗೆ ಅಲರ್ಜಿ ಆದದ್ದು ಶೇ. 13.7, ತಿಂದವರಿಗೆ ಶೇ. 1.9. ಸ್ವಲ್ಪ ಪಾಸಿಟಿವ್ ಇದ್ದವರಲ್ಲೂ 35.3ಕ್ಕೆ 10.6. ಅಂದ್ರ ಕಾಪಾಡ್ತೀವಿ ಅಂತ ಬಿಡಿಸಿದ್ದೇ ಅಲರ್ಜಿ ಹೆಚ್ಚಿಸಿತ್ತು.

ಇದನ್ನು ಕೇಳಿ ಯಾರೂ ಕೂಸಿನ ಬಾಯಿಗೆ ಇಡೀ ಶೇಂಗಾ ಕಾಳು ಹಾಕಬ್ಯಾಡ್ರಿ, ಉಸಿರುಕೊಳವೆಗೆ ಸಿಕ್ಕಿಕೊಳ್ತದ. ಅರೆದು ನುಣ್ಣಗೆ ಮಾಡಿ ಕೊಡೋದು. ಜೋರು ಎಕ್ಸಿಮಾ ಇರುವ ಕೂಸಿಗೆ ಡಾಕ್ಟರನ್ನು ಕೇಳಿಯೇ ಶುರು ಮಾಡೋದು.

ಹಂಗಂತ ನಮ್ಮ ಕಾಳುಗಳಿಗೆ ಯಾರಿಗೂ ಅಲರ್ಜಿ ಆಗೋದೇ ಇಲ್ಲ ಅಂತಲ್ಲ. ಕಡಲೆಯಿಂದ ಆಗುವ ಅಲರ್ಜಿಯನ್ನು ಮುಂಬೈಯ ವೈದ್ಯರು 2001ರಲ್ಲಿ, ತಿನ್ನಿಸಿ ನೋಡಿ, ದಾಖಲೆ ಮಾಡಿದ್ದಾರೆ.

ಇದನ್ನೆಲ್ಲ ಇಷ್ಟು ಎಳೆದು ಹೇಳೋದಕ್ಕೆ ಕಾರಣ ಅದ. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದಲ್ಲಿ ತತ್ತಿ ಕೊಡೋದು ಶುರು ಮಾಡಿದಾಗ ಮೊದಲು ಆರಿಸಿದ ಕೆಲವೇ ಜಿಲ್ಲೆಗಳಲ್ಲಿ ಬೀದರ್ ಒಂದು. ಯಾಕಂದ್ರ ನಮ್ಮ ಮಕ್ಕಳ ತೂಕ, ರಕ್ತ ಎರಡೂ ಕಮ್ಮಿ. ಅಂಥಾ ಊರಾಗ ಒಂದು ಪಿಡಿಎಫ್ ನೋಡಿ ಕೂಸಿನ ತಾಟಿನಿಂದ ಹಾಲು, ಬ್ಯಾಳಿ ತೆಗೆಯೋದು ಸಣ್ಣ ಮಾತಲ್ಲ.

ಹೈದರಾಬಾದಿನ ಡಾಕ್ಟರ್ ಹೇಳಿದ್ದು ಇಷ್ಟು. ಆಯಿ ಈಗಾಗಲೇ ತಿನ್ನಿಸಿದ ಹಾಲು, ಗೋಧಿ, ತೊಗರಿ ಎಲ್ಲಾ ಇವತ್ತಿನಿಂದಲೇ ನಡೀಲಿ. ಶೇಂಗಾ, ಕಡಲೆ ಆರು ತಿಂಗಳು ಬಿಟ್ಟಿದ್ದರಿಂದ ದವಾಖಾನೆಯಲ್ಲೇ ಕೂರಿಸಿಕೊಂಡು ಸ್ವಲ್ಪಸ್ವಲ್ಪ ಕೊಟ್ಟು ನೋಡಿದರು, ಏನೂ ಆಗಲಿಲ್ಲ. ದಿನಾ ಏಳೋ ಗಂಧೆಗೂ ಊಟಕ್ಕೂ ಸಂಬಂಧವೇ ಇರಲಿಲ್ಲ. ಮಕ್ಕಳಿಗೆ ಹಿಂಗ ಬಂದು ಹೋಗುವ ಗಂಧೆಗೆ ಬಹಳ ಸಲ ಇಂಥದ್ದೇ ಅಂತ ಕಾರಣ ಸಿಗೋದಿಲ್ಲವಂತೆ. ಒಂದು ಸಾದಾ ಮಾತ್ರೆಗೆ ಹತೋಟಿಗೆ ಬಂತು. ತತ್ತಿ ಮಾತ್ರ ಪೂರ್ತಿ ಬಂದ್. ಕೇಕು, ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಓದಬೇಕು. ಮತ್ತೆ ತುಟಿ ಊದಿ ಉಸಿರು, ಧ್ವನಿ ಕೆಟ್ಟರೆ ಮಾತ್ರೆ ಹುಡುಕ್ತಾ ಕೂಡದೆ ಸೀದಾ ದವಾಖಾನೆಗೆ, ತೊಡೆಗೆ ಅಡ್ರಿನಲಿನ್. ಇದನ್ನ ಒಂದು ಹಾಳೆಯಲ್ಲಿ ಬರೆದು ಕೊಟ್ಟರು.

ಆ ಹಾಳೆಯ ಒಂದು ಪ್ರತಿ ಈಗ ಅಂಗನವಾಡಿಯ ಗೋಡೆ ಮೇಲಿದೆ, ಇನ್ನೊಂದು ಆಯಿಯ ಮಂಚದ ಪಕ್ಕ. ಆಯಿಗೆ ಓದಲು ಬರೋದಿಲ್ಲ. ಆದರೆ ಹೋದ ವಾರ ನಾನು ಭಾಲ್ಕಿಗೆ ಹೋದಾಗ, ಬೇಕರಿಯಿಂದ ಒಯ್ದ ಕೇಕಿನ ಡಬ್ಬಿ ನನ್ನ ಕೈಯಿಂದ ಕಸಗೊಂಡು, "ಇದರಾಗ ತತ್ತಿ ಅದೇನೋ, ಮೊದಲ ಓದಿ ಹೇಳು" ಅಂದರು. ಇತ್ತು. ಕೂಸಿಗೆ ಶೇಂಗಾ ಉಂಡಿ ಕೊಟ್ಟು, ಕೇಕು ನಾವು ನಾವೇ ತಿಂದೆವು.

ಎರಡು ವರ್ಷ ಬಿಟ್ಟು ಮತ್ತೆ ತತ್ತಿ ಪರೀಕ್ಷೆ ಅದ. ತತ್ತಿ ಅಲರ್ಜಿ ಬಹಳ ಮಕ್ಕಳಿಗೆ ಬೆಳೀತಾ ಬೆಳೀತಾ ಹೋಗ್ತದ ಅಂತ ಡಾಕ್ಟರ್ ಹೇಳಿದ್ದಾರೆ. ನಿಮ್ಮ ಮನೆಯಲ್ಲೂ ಇಂಥಾ ರಿಪೋರ್ಟು ಇದ್ದರೆ ನನಗೆ ಕಳಿಸಬ್ಯಾಡ್ರಿ, ನಾನು ಓದಿ ಹೇಳೋ ಹಂಗಿಲ್ಲ. ಅದನ್ನ ಬರೆಸಿದ ಡಾಕ್ಟರಿಗೆ ತೋರಿಸಿ, ಏನು ತಿಂದಾಗ ಏನಾಯಿತು ಅನ್ನೋದನ್ನ ನೀವೇ ಮೊದಲು ಹೇಳ್ರಿ. ಸಿಗೋಣ, ಮುಂದಿನ ಶನಿವಾರ.